ಕರಡಿಯ ಕಿವಿಮೂಳೆ

ಅಜ್ಜಯ್ಯನ ಗವಿಯಲ್ಲಿ ಮೂಳೆ ಸಿಕ್ಕಿರುವ ಸುದ್ದಿಯನ್ನು ಮನೆಗೆ ತಂದವರು ನಮ್ಮತ್ತೆ. ಸಿ.ಎಸ್. ಪುರದ ಕಡೆಯ ತಮ್ಮ ತವರಿಗೆ ಹೋಗಿದ್ದವರು ಬಸ್ಸಿಳಿದು, ಬಟವಾಡಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ, ಕೈಚೀಲ ಕೆಳಗಿಡುವ ಮೊದಲೇ ಶುರು ಮಾಡಿದರು.

"ಅಜ್ಜಯ್ಯನ ಗವೀಲಿ ಕರಡಿ ಸಿಕ್ಕೈತೆ ಕಣೇ."

ನಾನು ಅಡುಗೆಮನೆಯಿಂದ ಓಡಿ ಬಂದೆ. "ಯಾರಿಗೇನಾಯ್ತು ಅತ್ತೆ?"

ನಮ್ಮ ಕಡೆ ಕರಡಿ ಎಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆ ಅದೇ. ಬೆಳಗಿನ ಜಾವ ತೋಟಕ್ಕೆ ಹೋದವರ ಮುಖ ಪರಚಿದ ಕರಡಿಗಳ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ.

"ಯಾರ್ಗೂ ಏನೂ ಆಗಿಲ್ಲ. ಬದುಕಿರೋ ಕರಡಿ ಅಲ್ಲ, ಮೂಳೆ. ಅಜ್ಜಯ್ಯನ ಜೊತೇಲಿ ಇತ್ತಲ್ಲ, ಆ ಕರಡೀದು."

ಅತ್ತೆಯ ತವರಿನ ಹತ್ತಿರ ಒಂದು ಕಲ್ಲುಗುಡ್ಡವಿದೆ. ಅದರ ಒಂದು ಮಗ್ಗುಲು ಗುಬ್ಬಿ ತಾಲ್ಲೂಕಿಗೆ ಸೇರಿದೆ, ಇನ್ನೊಂದು ಮಗ್ಗುಲು ಕುಣಿಗಲ್ ತಾಲ್ಲೂಕಿಗೆ. ನೆತ್ತಿಯ ಹತ್ತಿರ ಎರಡು ಹೆಬ್ಬಂಡೆಗಳು ಒಂದಕ್ಕೊಂದು ಒರಗಿ ನಿಂತಿವೆ. ಅವುಗಳ ನಡುವಿನ ಪೊಟರೆಯೇ ಗವಿ. ಯಾವುದೋ ಕಾಲದಲ್ಲಿ ಒಬ್ಬ ಶಿವಯೋಗಿ ಅಲ್ಲಿ ತಪಸ್ಸಿಗೆ ಕೂತಿದ್ದರಂತೆ. ಗವಿ ಮೊದಲು ಕರಡಿಯದಾಗಿತ್ತಂತೆ. ಕರಡಿ ಜಗಳಕ್ಕೆ ಬರಲಿಲ್ಲ, ಅಜ್ಜಯ್ಯ ಎದ್ದು ಹೋಗಲಿಲ್ಲ. ಅವರೊಂದು ಮೂಲೆ, ಇದೊಂದು ಮೂಲೆ ಎಂದು ಹಂಚಿಕೊಂಡು ಬಾಳಿದರಂತೆ. ಗುಡ್ಡದ ಬುಡದಲ್ಲಿ ಅವರ ಹೆಸರಿನ ಒಂದು ಸಣ್ಣ ಮಠವಿದೆ. ಗವಿಯೊಳಗೆ ಭಕ್ತರು ಬಗ್ಗಿಕೊಂಡೇ ಹೋಗಬೇಕಾಗಿತ್ತು. ನೆಟ್ಟಗೆ ನಿಲ್ಲುವ ಹಾಗಾಗಲಿ ಎಂದು ಮಠದವರು ಒಳಗಿನ ಮಣ್ಣನ್ನು ಅಗೆಸುವಾಗ ಹಿಂದಿನ ಮೂಲೆಯಲ್ಲಿ ಮೂಳೆಗಳು ಕಂಡಿದ್ದವು.

ನಾನು ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮದುವೆಯಾಗಿ ಮಗಳು ಶಾಲೆಗೆ ಸೇರಿದ ಮೇಲೆ ಪಿಎಚ್.ಡಿ. ಮಾಡಿದವಳು, ವಿಷಯ ನಮ್ಮ ಜಿಲ್ಲೆಯ ಕರಡಿಗಳೇ. ಆ ಭಾನುವಾರವೇ ಅತ್ತೆಯನ್ನು ಕರೆದುಕೊಂಡು ಹೊರಟೆ.

ಮಠದ ಗದ್ದುಗೆಯ ಪಕ್ಕದಲ್ಲಿ ಹಿತ್ತಾಳೆ ಹರಿವಾಣದೊಳಗೆ ಮೂಳೆಗಳನ್ನು ಜೋಡಿಸಿಟ್ಟಿದ್ದರು. ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಅತ್ತೆ ಕೈ ಮುಗಿದು ಕಣ್ಣು ಮುಚ್ಚಿದರು. ನಾನು ಕಣ್ಣು ಬಿಟ್ಟುಕೊಂಡು ಬಗ್ಗಿದೆ. ತಲೆಬುರುಡೆಯ ಮುಂಭಾಗ ಮಾತ್ರ ಇತ್ತು, ಹಿಂಭಾಗ ಮುರಿದು ಹೋಗಿತ್ತು. ಆದರೆ ಮೇಲುದವಡೆ ಸಾಕಾಗಿತ್ತು. ನಮ್ಮ ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಹುತ್ತಕ್ಕೆ ಬಾಯಿಟ್ಟು ಗೆದ್ದಲನ್ನು ಹೀರಲು ಆ ಸಂದು ಅದಕ್ಕೆ ಬೇಕು. ಇಲ್ಲೂ ಆ ಜಾಗ ಖಾಲಿಯಿತ್ತು. ಹಲ್ಲು ಬಿದ್ದು ಹೋದ ಗುಳಿಯಲ್ಲ, ಹುಟ್ಟಿನಿಂದಲೇ ಇಲ್ಲದ ನುಣುಪು. ಮೂಳೆಗಳು ಕಾಫಿ ಬಣ್ಣಕ್ಕೆ ತಿರುಗಿದ್ದವು. ಮಠದ ಮ್ಯಾನೇಜರ್ ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟಾಗ ಅದಕ್ಕೆ ಮೂಳೆಯದ್ದಲ್ಲ, ಕಲ್ಲಿನ ತೂಕವಿತ್ತು. ಒಂದು ಬದಿಯಲ್ಲಿ ಮಣ್ಣು ಸುಣ್ಣದ ಹಾಗೆ ಕಚ್ಚಿಕೊಂಡಿತ್ತು. ಇದು ಅಜ್ಜಯ್ಯನಿಗಿಂತ ಎಷ್ಟೋ ಹಿಂದಿನದು ಎಂದು ನನಗೆ ಅನ್ನಿಸಿತು. ಅತ್ತೆಯ ಮುಂದೆ ಹೇಳಲಿಲ್ಲ.

ನನಗೆ ಏಕೆ ಅಷ್ಟು ಆಸೆಯಾಯಿತು ಎಂಬುದನ್ನು ಹೇಳಬೇಕು. ಇವತ್ತು ನಮ್ಮ ಕರಡಿಗಳು ದ್ವೀಪದಲ್ಲಿ ಸಿಕ್ಕಿಕೊಂಡಂತೆ ಬದುಕುತ್ತಿವೆ. ಒಂದು ಗುಡ್ಡದಲ್ಲಿ ನಾಲ್ಕಾರು, ಆಚೆಯ ಗುಡ್ಡದಲ್ಲಿ ನಾಲ್ಕಾರು. ನಡುವೆ ರಾಗಿ ಹೊಲ, ತೆಂಗಿನ ತೋಟ, ಕ್ವಾರಿ, ಹೈವೇ. ಹಿಂದೆ ಇವೆಲ್ಲ ಒಂದೇ ಬಳಗವಾಗಿದ್ದವೇ? ಅಳಿದು ಹೋದ ಬಳಗಗಳು ಎಷ್ಟು? ಹಳೆಯ ಮೂಳೆಯ ಡಿಎನ್‌ಎ ಸಿಕ್ಕಿದರೆ ಅದನ್ನು ಕೇಳಬಹುದು. ಚಳಿ ದೇಶದ ಗವಿಗಳಲ್ಲಿ ಸಿಕ್ಕ ಕರಡಿ ಮೂಳೆಗಳಿಂದ ಸಾವಿರಾರು ವರ್ಷ ಹಿಂದಿನ ಡಿಎನ್‌ಎಯನ್ನು ತೆಗೆದು ಓದಿದ್ದಾರೆ. ನಮ್ಮದು ಸೆಕೆಯ ನಾಡು. ಸೆಕೆ ಡಿಎನ್‌ಎಯನ್ನು ತುಂಡು ತುಂಡು ಮಾಡಿ ಮುಗಿಸಿಬಿಡುತ್ತದೆ. ಆದರೂ ಆ ದಿನ ಗುಡ್ಡ ಹತ್ತಿ ನೋಡಿದಾಗ ಗವಿಯ ಒಳಮೂಲೆ ತಂಪಾಗಿತ್ತು. ಆ ತಂಪನ್ನು ನಂಬಿ ನಾನು ಆಸೆಪಟ್ಟೆ.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಮಠದ ಸ್ವಾಮಿಗಳನ್ನು, ಅಂದರೆ ಎಲ್ಲರೂ 'ಬುದ್ಧಿ' ಎಂದು ಕರೆಯುವವರನ್ನು, ಕೇಳಿಕೊಂಡು ಬಂದು, "ಒಂದು ತೋಳಿನ ಮೂಳೆ ತಗೊಳ್ಳವ್ವ. ಪೂಜೆಗೆ ತಲೆ ಇದ್ರೆ ಸಾಕು" ಎಂದರು.

ಕರಡಿಯ ಮೂಳೆಯನ್ನು ಸುಮ್ಮನೆ ಕೊರಿಯರ್ ಮಾಡುವ ಹಾಗಿಲ್ಲ, ಅನುಮತಿ ಬೇಕು. ಅದು ಬರುವ ತನಕ ಮೂಳೆಯನ್ನು ತಂಪಾಗಿ ಇಡಬೇಕು. ಕಾಲೇಜಿನ ಲ್ಯಾಬಿನ ಫ್ರೀಜರ್ ಕರೆಂಟು ಹೋದಾಗಲೆಲ್ಲ ಕಣ್ಣೀರು ಹಾಕುತ್ತಿತ್ತು. ಹಾಗಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮನೆಯ ಫ್ರಿಜ್ಜಿನ ಮೇಲಿನ ಅರೆಯಲ್ಲಿಟ್ಟೆ. ಮಾರನೆಯ ಬೆಳಿಗ್ಗೆ ಅತ್ತೆ ಆ ಡಬ್ಬಿಯಲ್ಲಿ ಕಾಯಿತುರಿ ಇರಬೇಕೆಂದು ತೆಗೆದರು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು. ನಮ್ಮ ಮನೆಯೊಳಗೆ ಕೋಳಿಮೊಟ್ಟೆಯೂ ಬಂದಿದ್ದಿಲ್ಲ. "ಅಯ್ಯೋ ಶಿವನೇ! ಮೊಸರಿನ ಪಕ್ಕ ಮೂಳೆ ಮಡಗಿದೀಯಲ್ಲೇ!"

"ಅತ್ತೆ, ಅದೇ ಮೂಳೆಗೆ ಮೊನ್ನೆ ಕೈ ಮುಗಿದ್ರಲ್ಲ?"

"ಗುಡೀಲಿದ್ರೆ ದೇವ್ರು. ಫ್ರಿಜ್ಜಲ್ಲಿದ್ರೆ ಮೂಳೆ. ತೆಗಿ ಮೊದ್ಲು."

ನನ್ನ ಗಂಡ ಪೇಪರಿನ ಹಿಂದೆ ಅಡಗಿ ಕೂತರು. ಕೊನೆಗೆ ಒಂದು ಥರ್ಮಾಕೋಲ್ ಡಬ್ಬಿ ತಂದು, ಐಸ್ ತುಂಬಿ, ಮೂಳೆಯನ್ನು ಮೆಟ್ಟಿಲ ಕೆಳಗಿನ ಸಂದಿಯಲ್ಲಿಟ್ಟೆ. ದಿನವೂ ಐಸ್ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಿಂದ ಬರುವಾಗ ಅಲ್ಲಿಯ ಜ್ಯೂಸ್ ಅಂಗಡಿಯಲ್ಲಿ ಐಸ್ ಕೊಂಡು, ಸಿಟಿ ಬಸ್ಸಿನಲ್ಲಿ ಸೀರೆಯ ಮೇಲೆ ನೀರು ತೊಟ್ಟಿಕ್ಕಿಸಿಕೊಂಡು ಬರುತ್ತಿದ್ದೆ. ಬೈದುಕೊಂಡೇ ಇದ್ದ ಅತ್ತೆ ನಾನು ತಡವಾಗಿ ಬಂದ ದಿನ ಮಾತ್ರ, "ಅದಕ್ಕೆ ಐಸ್ ಆಕಿದ್ಯೇನೇ? ಕರಗೋಗಿತ್ತು" ಎನ್ನುತ್ತಿದ್ದರು.

ಅಂತೂ ಅನುಮತಿ ಸಿಕ್ಕಿ ಮೂಳೆ ದೂರದ ಊರಿಗೆ ಹೋಯಿತು. ಅಲ್ಲಿ ನನ್ನ ಎಂ.ಎಸ್ಸಿ. ಗೆಳತಿಯೊಬ್ಬಳು ಹಳೆಯ ಡಿಎನ್‌ಎ ತೆಗೆಯುವ ಲ್ಯಾಬು ನಡೆಸುತ್ತಾಳೆ. ಕಾದೆ. ಆಂತರಿಕ ಪರೀಕ್ಷೆಯ ಪೇಪರುಗಳನ್ನು ತಿದ್ದುತ್ತಾ ಕಾದೆ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವಾಗ ಫೋನು ಬಂತು.

"ನಿನ್ನ ಕರಡಿ ಹಾಲು ಕರೆಯುತ್ತೆ ಕಣೇ" ಎಂದಳು ಗೆಳತಿ.

"ಅಂದ್ರೆ?"

"ಅಂದ್ರೆ ಮೂಳೆ ತುಂಬಾ ಹಸು. ಹಸು ಬಿಟ್ರೆ ಮನುಷ್ಯರು, ಬಾಳೆಹಣ್ಣು, ಮಣ್ಣಿನ ಬ್ಯಾಕ್ಟೀರಿಯಾ. ಕರಡಿ ಮಾತ್ರ ಇಲ್ಲ. ಏನ್ ಮಾಡಿದ್ರಿ ಅದಕ್ಕೆ?"

ಮಠದ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಸಂತೋಷವಾಯಿತು. "ಬರೀ ಹಾಲಲ್ಲ ಕಣವ್ವ. ಸಿಕ್ಕಿದ ದಿನಾನೇ ತೊಳ್ದು, ಹಾಲು, ಮೊಸರು, ತುಪ್ಪ, ಬಾಳೆಹಣ್ಣು, ಜೇನುತುಪ್ಪ, ಎಲ್ಲ ಆಕಿ ಪಂಚಾಮೃತ ಅಭಿಷೇಕ ಮಾಡಿಸ್ದೋ. ಈಗ್ಲೂ ಸೋಮವಾರ ಸೋಮವಾರ ಮಾಡ್ತೀವಿ. ಏನೂ ಕಡಿಮೆ ಮಾಡಿಲ್ಲ."

ಲ್ಯಾಬಿನಲ್ಲಿ ಮೇಲ್ಪದರವನ್ನು ಹೆರೆದು ತೆಗೆಯುತ್ತಾರೆ. ಆದರೆ ತೋಳಿನ ಮೂಳೆಯ ಒಳಗೆಲ್ಲ ರಸ್ಕಿನ ಹಾಗೆ ತೂತು. ಅದು ಹಾಲನ್ನು ಆಳದ ತನಕ ಕುಡಿದುಬಿಟ್ಟಿತ್ತು. ಎಷ್ಟು ಹಳೆಯದು ಎಂದಾದರೂ ತಿಳಿಯೋಣವೆಂದರೆ ಅದಕ್ಕೆ ಬೇಕಾದ ಕೊಲ್ಯಾಜೆನ್ ಎಂಬ ಮೂಳೆಯ ಅಂಟು ಒಂಚೂರೂ ಉಳಿದಿರಲಿಲ್ಲ. ಆ ದಿನ ನಾನು ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಯಾರ ಮೇಲೆ ಸಿಟ್ಟಾಗಬೇಕು ಎಂದೇ ಗೊತ್ತಾಗಲಿಲ್ಲ. ಅವರು ಇದ್ದುದರಲ್ಲಿ ಶ್ರೇಷ್ಠವಾದದ್ದನ್ನೇ ಆ ಮೂಳೆಗೆ ಸುರಿದಿದ್ದರು.

ಗೆಳತಿ ಒಂದು ದಾರಿ ಹೇಳಿದಳು. ತಲೆಬುರುಡೆಯ ಅಡಿಯಲ್ಲಿ, ಒಳಗಿವಿಯನ್ನು ಸುತ್ತುವರಿದು ಒಂದು ಮೂಳೆ ಇರುತ್ತದೆ. ಮೈಯೊಳಗಿನ ಮೂಳೆಗಳಲ್ಲೆಲ್ಲ ಅದೇ ಗಟ್ಟಿ. ಹಳೆಯ ಡಿಎನ್‌ಎ ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ಉಳಿದಿರುತ್ತದೆ. ಹರಿವಾಣದಲ್ಲಿದ್ದದ್ದು ಬುರುಡೆಯ ಮುಂಭಾಗ. ಹಿಂಭಾಗ ಇನ್ನೂ ಗವಿಯ ಮಣ್ಣಿನಲ್ಲೇ ಇರಬೇಕು. "ಅದನ್ನ ಯಾರೂ ಮುಟ್ಟೋಕ್ ಮುಂಚೆ ತೆಗಿ. ಗ್ಲೌಸ್ ಹಾಕ್ಕೊಂಡು ತೆಗಿ. ದೇವರಾಣೆಗೂ ತೊಳೀಬೇಡ" ಎಂದಳು.

ಅಗೆಯಬೇಕೆಂದರೆ ಬೇರೆಯೇ ಅನುಮತಿ. ಅದಕ್ಕಾಗಿ ಅಲೆದದ್ದನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಒಂದು ಕಚೇರಿಯಲ್ಲಿ, ಕರಡಿ ಎಂದ ಮೇಲೆ ಅದು ವನ್ಯಜೀವಿ, ನಮ್ಮದಲ್ಲ ಎಂದರು. ಇನ್ನೊಂದರಲ್ಲಿ, ಸತ್ತು ಇಷ್ಟು ಕಾಲವಾದ ಮೇಲೆ ಅದು ವನ್ಯಜೀವಿ ಹೇಗಾಗುತ್ತೆ, ಪಳೆಯುಳಿಕೆ ಎಂದರು. ಮತ್ತೊಂದರಲ್ಲಿ ಗವಿಯಲ್ಲಿ ಪೂಜೆ ನಡೆಯುತ್ತದೆಯಾದ್ದರಿಂದ ಮಠದ ಒಪ್ಪಿಗೆ ಬೇಕು ಎಂದರು. ಮಠದ ಒಪ್ಪಿಗೆ ಕೊಟ್ಟರೆ, ಗವಿ ಯಾವ ತಾಲ್ಲೂಕಿಗೆ ಸೇರಿದ್ದು ಎಂದು ಕೇಳಿದರು. ಗವಿಯ ಬಾಯಿ ಗುಬ್ಬಿಯ ಕಡೆಗಿತ್ತು, ಬೆನ್ನು ಕುಣಿಗಲ್ಲಿನ ಕಡೆಗೆ. ನಾನು ಗುಬ್ಬಿಗೆ ಹೋದೆ, ಕುಣಿಗಲ್ಲಿಗೆ ಹೋದೆ, ಮತ್ತೆ ತುಮಕೂರಿಗೆ ಬಂದೆ. ಕ್ಲಾಸು ಮುಗಿಸಿ ಬಸ್ಸು ಹತ್ತಿದರೆ ಅಲ್ಲಿ ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು. ಒಬ್ಬರು ನನ್ನ ಅರ್ಜಿಯನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ಮೇಡಂ, ಬೇಜಾರ್ ಮಾಡ್ಕೋಬೇಡಿ. ಇದ್ರಿಂದ ಕರಡಿಗೇನು ಉಪಯೋಗ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ನಾನು ವಿವರಿಸಿದೆ. ಅವರು ತಲೆದೂಗಿ, ವಾರ ಬಿಟ್ಟು ಬನ್ನಿ ಎಂದರು.

ಅಗೆಯುವುದನ್ನು ಅಲ್ಲಿಯ ತನಕ ನಿಲ್ಲಿಸಿ ಎಂದು ಮ್ಯಾನೇಜರಿಗೆ ಹೇಳಿದ್ದೆ. ಅವರೂ "ಆಯ್ತವ್ವ" ಎಂದಿದ್ದರು. ದೀಪಾವಳಿಯ ಆಚೆ ಈಚೆ ಶುರುವಾದ ಅಲೆದಾಟ ಯುಗಾದಿ ಕಳೆದ ಮೇಲೆ ಮುಗಿಯಿತು. ಅನುಮತಿಯ ಪತ್ರವನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟುಕೊಂಡು, ಗ್ಲೌಸು, ಮಾಸ್ಕು, ಸಣ್ಣ ಕರಣೆ, ಬ್ರಷ್ಷು ಎಲ್ಲ ಚೀಲಕ್ಕೆ ತುಂಬಿಕೊಂಡು, ಅತ್ತೆಯ ಜೊತೆ ಗುಡ್ಡ ಹತ್ತಿದೆ.

ಗವಿಯ ನೆಲಕ್ಕೆ ಗ್ರಾನೈಟ್ ಹಾಕಿದ್ದರು.

ಒಂದು ಕ್ಷಣ ನನಗೆ ಬೇರೆ ಎಲ್ಲಿಗೋ ಬಂದಿದ್ದೇನೆ ಎನ್ನಿಸಿತು. ಕರಿಯ ಕಲ್ಲು ಫಳಫಳ ಹೊಳೆಯುತ್ತಿತ್ತು. ಗೋಡೆಗೆ ಟ್ಯೂಬ್‌ಲೈಟ್, ಮೂಲೆಯಲ್ಲಿ ಒಂದು ಫ್ಯಾನು. ಮ್ಯಾನೇಜರ್ ಹಿಂದಿನಿಂದ ಏದುಸಿರು ಬಿಡುತ್ತಾ ಹತ್ತಿ ಬಂದರು. "ನೋಡವ್ವ, ಎಂಗೆ ಮಾಡ್ಸಿದೀವಿ! ಒಬ್ರು ಭಕ್ತರು ತಾವಾಗೇ ಬಂದು ಮಾಡಿಸ್ಕೊಟ್ರು. ಶಿವರಾತ್ರಿ ಒಳಗೆ ಮುಗೀಬೇಕು ಅಂದ್ರು. ಬ್ಯಾಡ ಅನ್ನಕ್ಕಾಯ್ತದಾ?"

"ನಾನು ಹೇಳಿದ್ನಲ್ಲ ಸರ್, ಅಗೀಬೇಡಿ ಅಂತ?"

"ಮೂಳೆಗೋಸ್ಕರ ಅಗೀಲಿಲ್ಲ ಕಣವ್ವ" ಎಂದರು ಅವರು, ನೊಂದವರ ಹಾಗೆ. "ನೆಲ ಲೆವೆಲ್ ಮಾಡಕ್ಕೆ ಅಗೆದಿದ್ದು."

ನಾನು ಆ ತಣ್ಣನೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಫೋಲ್ಡರ್ ತೊಡೆಯ ಮೇಲಿತ್ತು. ಅಳು ಬರಲಿಲ್ಲ. ಅದನ್ನು ಹರಿದು ಫ್ಯಾನಿನ ಮುಂದೆ ತೂರಿಬಿಡಬೇಕು ಎನ್ನಿಸಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ ಕೇಳಿದರು:

"ಇಲ್ಲಿದ್ದ ಮಣ್ಣ ಏನ್ ಮಾಡಿದ್ರಿ?"

"ಟ್ರ್ಯಾಕ್ಟರಿಗೆ ತುಂಬಿ ಮಠದ ತೋಟಕ್ಕೆ ಹೊಡ್ಸುದ್ವಿ. ಹೆಬ್ಬೂರ್ ರಸ್ತೇಲೈತಲ್ಲ, ಅದು. ತೆಂಗಿನ ಬುಡಕ್ಕೆ ಒಳ್ಳೇ ಮಣ್ಣು ಕಣಮ್ಮ, ಬಾವಲಿ ಹಿಕ್ಕೆ ಬೆರ್ತಿತ್ತು."

ಅತ್ತೆಯ ಮುಖ ಕೆಂಪಾಯಿತು. "ಅಜ್ಜಯ್ಯ ಕುಂತಿದ್ ಮಣ್ಣ ತೆಂಗಿನ ಬುಡಕ್ಕೆ ಆಕಿದ್ರಾ? ಅದರೊಳಗೆ ಆ ಪ್ರಾಣೀದು ಇನ್ನೂ ಮೂಳೆ ಇತ್ತಂತೆ. ಅದ್ನೂ ಗೊಬ್ಬರ ಮಾಡ್ಬುಟ್ರಾ?"

ಮ್ಯಾನೇಜರ್ ಏನೋ ಹೇಳಲು ಹೋದರು. ಅತ್ತೆ ಕೇಳಲಿಲ್ಲ. "ಏಳೇ" ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಹುಡುಕುವ ನಡಿ."

ನಾವಿಬ್ಬರೂ ಒಂದೇ ಕೆಲಸಕ್ಕೆ ಹೊರಟದ್ದು ಅದೇ ಮೊದಲು. ಕಾರಣ ಮಾತ್ರ ಬೇರೆ. ನನಗೆ ಕಿವಿಮೂಳೆ ಬೇಕಾಗಿತ್ತು. ಅವರಿಗೆ ಅಜ್ಜಯ್ಯನ ಜೊತೆಗಾರ ಪ್ರಾಣಿಯ ಚೂರುಗಳನ್ನು ಆರಿಸಿ, ಸರಿಯಾಗಿ ಮಣ್ಣು ಮಾಡಬೇಕಾಗಿತ್ತು.

ತೋಟದಲ್ಲಿ ಅರ್ಧ ಮಣ್ಣನ್ನು ಆಗಲೇ ಮರಗಳ ಬುಡಕ್ಕೆ ಹರಡಿ ನೀರು ಬಿಟ್ಟಿದ್ದರು. ಉಳಿದರ್ಧ ಬೇಲಿಯ ಪಕ್ಕ ಗುಡ್ಡೆಯಾಗಿ ಬಿದ್ದಿತ್ತು. ಬೇಸಿಗೆಯ ಬಿಸಿಲು ನೇರವಾಗಿ ಅದರ ಮೇಲೆ. ಎಷ್ಟೋ ಕಾಲ ನೆರಳಲ್ಲಿ ತಣ್ಣಗೆ ಮಲಗಿದ್ದ ಮಣ್ಣು ಹಂಚಿನ ಹಾಗೆ ಕಾದಿತ್ತು. ಕೈಯಿಟ್ಟಾಗಲೆಲ್ಲ ನನಗೆ ಒಳಗೆ ಏನೋ ಬೇಯುತ್ತಿದೆ ಎನ್ನಿಸುತ್ತಿತ್ತು. ಭಾನುವಾರ ಬಂತೆಂದರೆ ನಾವಿಬ್ಬರೂ ಮೊದಲ ಬಸ್ಸಿಗೆ ಹೋಗಿ, ಮರಳು ಜರಡಿ ಇಟ್ಟುಕೊಂಡು ಮಣ್ಣು ಸೋಸುತ್ತಿದ್ದೆವು.

ಮೊದಲ ದಿನವೇ ಜಗಳವಾಯಿತು. ಅತ್ತೆ ಬರಿಗೈಯಲ್ಲಿ ಒಂದು ಚೂರನ್ನು ಎತ್ತಿದರು. ನಾನು ಕಿರುಚಿದೆ, "ಮುಟ್ಟಬೇಡಿ ಅತ್ತೆ!"

"ಯಾಕೆ? ನಾನೇನ್ ಮೈಲಿಗೇನಾ?"

ನಮ್ಮ ಬೆವರು, ಉಗುಳು, ಚರ್ಮದ ಹೊಟ್ಟು, ಎಲ್ಲದರಲ್ಲೂ ನಮ್ಮ ಡಿಎನ್‌ಎ ಇರುತ್ತದೆ, ಅದು ಮೂಳೆಗೆ ಅಂಟಿದರೆ ಹಳೆಯದು ಯಾವುದು ಹೊಸದು ಯಾವುದು ತಿಳಿಯುವುದಿಲ್ಲ ಎಂದು ಹೇಳಿದೆ. ಗ್ಲೌಸು ಕೊಟ್ಟೆ. ಮಾಸ್ಕು ಕೊಟ್ಟೆ. ಗ್ಲೌಸು ಹಾಕಿಕೊಂಡ ಕೈಯಲ್ಲಿ ಸೆರಗು ಮುಟ್ಟಿದರೆ ಗ್ಲೌಸು ಬದಲಿಸಬೇಕು ಎಂದೆ. ಅತ್ತೆ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೇಳಿದರು.

"ನಮ್ ಧರ್ಮದಲ್ಲಿ ಮಡಿ ಮೈಲಿಗೆ ಇಲ್ಲ ಅಂತ ಶರಣರು ಹೇಳವ್ರೆ. ನಿಮ್ ಸೈನ್ಸಲ್ಲಿ ಇಷ್ಟೊಂದ್ ಮಡಿ ಐತಾ?"

ನನಗೆ ನಗು ಬಂತು. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಕಡಿಮೆ.

ಸಿಕ್ಕಿದ್ದೆಲ್ಲ ಇಲಿಯ ಮೂಳೆ, ಬಸವನ ಹುಳುವಿನ ಚಿಪ್ಪು, ಮುಳ್ಳುಹಂದಿಯ ಮುಳ್ಳು, ಬೀಡಿ ತುಂಡು. ಕರಡಿಯ ಪಕ್ಕೆಲುಬಿನ ಚೂರುಗಳು ಸಿಕ್ಕವು, ಸೀಳಿ ಪುಡಿಯಾಗಿದ್ದವು. ಗಂಡ, ಮಗಳು ಇಬ್ಬರೂ ಭಾನುವಾರದ ಊಟಕ್ಕೆ ಹೋಟೆಲು ಹುಡುಕುವಂತಾಯಿತು. ಇದೇ ಕೊನೆಯ ವಾರ ಎಂದುಕೊಂಡು ಹೋದ ಒಂದು ಭಾನುವಾರ ಅತ್ತೆ ಒಂದು ಗಟ್ಟಿ ಹೆಂಟೆಯನ್ನು ಗುದ್ದಲಿಯ ಬೆನ್ನಿನಿಂದ ಒಡೆಯಲು ಹೊರಟಿದ್ದರು. ಹೆಂಟೆಯ ಬದಿಯಲ್ಲಿ ಬೆರಳಗಲದ ನುಣುಪು ಕಂಡಿತು. ನಾನು ಗುದ್ದಲಿಯ ಕಾವನ್ನು ಹಿಡಿದುಕೊಂಡೆ. ಬ್ರಷ್ಷಿನಿಂದ ಸ್ವಲ್ಪವೇ ಮಣ್ಣು ಸರಿಸಿದೆ. ಬುರುಡೆಯ ಅಡಿಭಾಗ. ಅದರ ಒಂದು ಅಂಚಿನಲ್ಲಿ ಕಿವಿಯ ತೂತು. ಒಳಗೆ ಹಳದಿ ಬಣ್ಣದ, ಗೋಲಿಯಷ್ಟು ಗಟ್ಟಿಯಾದ ಗಂಟು ಮಣ್ಣಿನಲ್ಲಿ ಹಾಗೇ ಕೂತಿತ್ತು.

"ಸಿಕ್ತಾ?" ಎಂದರು ಅತ್ತೆ.

"ಸಿಕ್ತು."

ಇಬ್ಬರೂ ಮಾಸ್ಕಿನೊಳಗೇ ನಕ್ಕೆವು. ಹೆಂಟೆಯನ್ನು ಒಡೆಯದೆ ಹಾಗೇ ಚೀಲಕ್ಕೆ ಹಾಕಿದೆ.

ನಾನು 'ಟೆಸ್ಟ್' ಎಂದಾಗಲೆಲ್ಲ ಅತ್ತೆ ಅದನ್ನು ಎಕ್ಸ್‌ರೇ ಥರ ಏನೋ ಎಂದುಕೊಂಡಿದ್ದರು. ಅದು ಬಸ್ಸಿನಲ್ಲಿ ಗೊತ್ತಾಯಿತು. ಅವರು ಮೂಳೆಯನ್ನು ಗವಿಯ ಯಾವ ಕಡೆ ಮಣ್ಣು ಮಾಡುವುದು ಎಂದು ಮಾತಾಡುತ್ತಿದ್ದರು. ಟೆಸ್ಟಿಗೆ ಗಂಟಿನ ಗಟ್ಟಿ ಭಾಗವನ್ನು ಕೊರೆದು ಪುಡಿ ಮಾಡಬೇಕು ಎಂದೆ. ಅತ್ತೆ ಕಿಟಕಿಯ ಕಡೆ ತಿರುಗಿದರು. ತುಮಕೂರು ಬರುವ ತನಕ ಮಾತಿಲ್ಲ. ಮನೆಯಲ್ಲೂ ಮಾತಿಲ್ಲ. ಊಟಕ್ಕೆ ಬಡಿಸಿದರೆ ತಟ್ಟೆ ಹಿಡಿಯುತ್ತಿದ್ದರು, ಅಷ್ಟೇ. ನಾನೂ ಬಾಯಿ ಬಿಡಲಿಲ್ಲ. ಇಷ್ಟು ಪಾಡುಪಟ್ಟ ಮೇಲೆ ಈ ಮನೆಯೊಳಗೇ ಮತ್ತೊಂದು ಅನುಮತಿ ಕೇಳಬೇಕೆ ಎಂಬ ರೋಷ ನನ್ನದು.

ಒಂದು ಸಂಜೆ ಅಲಸಂದೆಕಾಯಿ ಬಿಡಿಸುತ್ತಾ ಅವರೇ ಕೇಳಿದರು, "ಅದು ಹೆಣ್ಣೋ ಗಂಡೋ ಗೊತ್ತಾಯ್ತದಾ?"

"ಗೊತ್ತಾಗಬಹುದು ಅತ್ತೆ."

"ಇನ್ನೇನ್ ಗೊತ್ತಾಯ್ತದೆ?"

"ಅದರ ಅವ್ವ, ಅವ್ವನ ಅವ್ವ, ಅವಳ ಅವ್ವ. ಹಾಗೆ ಹೆಣ್ಣಿನ ಕಡೆಯ ಬಳ್ಳಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಅದೃಷ್ಟ ಇದ್ರೆ."

ಅತ್ತೆಯ ಕೈ ನಿಂತಿತು. "ನಮ್ಮವ್ವನ ಅವ್ವ ಯಾವೂರೋಳು ಅಂತ ನಂಗೇ ಗೊತ್ತಿಲ್ಲ. ಯಾರೂ ಏಳಲೇ ಇಲ್ಲ. ಗಂಡಸರ ಕಡೇದಾದ್ರೆ ಏಳು ತಲೆಮಾರು ಒಪ್ಪಿಸ್ತಾರೆ." ಮತ್ತೆ ಒಂದು ಕಾಯಿ ಸುಲಿದರು. "ಎಷ್ಟ್ ಪುಡಿ ಬೇಕು?"

"ಒಂದು ಚಿಟಿಕೆಯಿಂದ ಶುರು ಮಾಡ್ತಾರೆ."

"ಉಳಿದಿದ್ದ ವಾಪಸ್ ತರ್ಬೇಕು. ನೀನೇ ತರ್ಬೇಕು."

ಅವರೇ ನನ್ನನ್ನು ಬುದ್ಧಿಯವರ ಹತ್ತಿರ ಕರೆದುಕೊಂಡು ಹೋಗಿ ಮಾತಾಡಿದರು. ಹೀಗೆ ಮೂಳೆಗೆ ಎಲ್ಲರ ಒಪ್ಪಿಗೆಯೂ ಸಿಕ್ಕಿತು. ಈ ಸಲ ಕೊರಿಯರ್ ನಂಬದೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ನಾನೇ ಹೋದೆ.

ಗೆಳತಿಯ ಲ್ಯಾಬಿನ ಒಳಗೆ ಹೋಗಲು ಅತ್ತೆಗೆ ಹೇಳಿದ್ದಕ್ಕಿಂತ ಹತ್ತರಷ್ಟು ಮಡಿ. ತಲೆಯಿಂದ ಕಾಲಿನ ತನಕ ಬಿಳಿಯ ಕವಚ, ಗ್ಲೌಸಿನ ಮೇಲೆ ಗ್ಲೌಸು. ಅವಳು ಸಣ್ಣ ಡ್ರಿಲ್ ಹಿಡಿದು ಗಂಟಿನ ಹೊರಪದರ ತೆಗೆದು, ಒಳಗೆ ಕೊರೆದಳು. ಮಾಸ್ಕಿನೊಳಗೂ ಕೊಂಬು ಸುಟ್ಟ ವಾಸನೆ ಬಂತು. ಹಿಟ್ಟಿನಂಥ ಪುಡಿ ಉದುರಿತು.

ಮೊದಲ ಚಿಟಿಕೆಯಲ್ಲಿ ಏನೂ ಸಿಗಲಿಲ್ಲ. ನಾನು ತುಮಕೂರಿಗೆ ವಾಪಸಾಗಿದ್ದಾಗ ಎರಡನೆಯದರ ಫಲಿತಾಂಶ ಬಂತು. ಮಣ್ಣಿನ ಬ್ಯಾಕ್ಟೀರಿಯಾ ಮಾತ್ರ. ಇನ್ನು ಉಳಿದದ್ದು ತೀರಾ ನಡುವಿನ, ತೀರಾ ಗಟ್ಟಿಯಾದ ಭಾಗ. ಅದನ್ನು ಕೊರೆದರೆ ಮತ್ತೆ ಕೊರೆಯಲು ಏನೂ ಇರುವುದಿಲ್ಲ. "ಏನ್ ಮಾಡ್ಲಿ?" ಎಂದು ಗೆಳತಿ ಕೇಳಿದಳು. ಮಾಡು ಎಂದೆ. ವಾರಗಳು ಕಳೆದ ಮೇಲೆ ವಿಡಿಯೋ ಕಾಲ್ ಮಾಡಿದಳು. ಅವಳ ಮುಖ ನೋಡಿದರೆ ಸಂತೋಷವೋ ಬೇಸರವೋ ತಿಳಿಯುವ ಹಾಗಿರಲಿಲ್ಲ.

"ಕರಡಿ ಇದೆ ಕಣೇ."

ನಾನು ಸ್ಟಾಫ್ ರೂಮಿನಿಂದ ಹೊರಗೆ ಓಡಿ ಬಂದೆ. "ನಿಜವಾಗ್ಲೂ?"

"ನಿಜವಾಗ್ಲೂ. ತುಂಬಾ ಸಣ್ಣ ಸಣ್ಣ ಚೂರು. ತುದಿಗಳು ಸವೆದಿವೆ, ಹಳೇ ಡಿಎನ್‌ಎ ಸವೆಯೋ ಥರಾನೇ. ಈಗಿನದು ಅಲ್ಲವೇ ಅಲ್ಲ. ಆದ್ರೆ..." ಎಂದು ನಿಲ್ಲಿಸಿದಳು. "ಬಹಳ ಕಡಿಮೆ. ತಾಯಿ ಕಡೆ ಬಳ್ಳಿ ಅಂದ್ಯಲ್ಲ, ಅದರಲ್ಲಿ ಅಲ್ಲೊಂದು ಇಲ್ಲೊಂದು ತುಂಡು ಸಿಕ್ಕಿದೆ. ಒಂದು ಜಾಗದಲ್ಲಿ ಡಿಎನ್‌ಎಯ ಒಂದು ಅಕ್ಷರ ಈಗಿನ ಕರಡಿಗಳಿಗಿಂತ ಬೇರೆ."

"ಅಂದ್ರೆ ಬೇರೆ ಬಳ್ಳಿ?"

"ಇರಬಹುದು. ಆದ್ರೆ ಆ ಬದಲಾವಣೆ ಎಂಥದ್ದು ಗೊತ್ತಾ? ಡಿಎನ್‌ಎ ಸವೆದಾಗ ಯಾವ ಅಕ್ಷರ ಯಾವುದಾಗಿ ಕಾಣುತ್ತೋ, ಸರಿಯಾಗಿ ಅದೇ. ಆ ಜಾಗದ್ದು ಇನ್ನೊಂದೆರಡು ಚೂರು ಸಿಕ್ಕಿದ್ರೆ ಹೇಳಬಹುದಿತ್ತು."

"ಮೂಳೆ?"

"ಮುಗೀತು."

ಕಾರಿಡಾರಿನಲ್ಲಿ ಮಕ್ಕಳು ಗದ್ದಲ ಮಾಡಿಕೊಂಡು ಹೋಗುತ್ತಿದ್ದರು. ಅವಳು ಸಮಾಧಾನಕ್ಕೆಂದು, "ಆ ಮಣ್ಣು ಬಿಸಿಲಿಗೆ ಬೀಳದೆ ಗವಿಯಲ್ಲೇ ಇದ್ದಿದ್ರೆ..." ಎಂದು ಶುರು ಮಾಡಿದಳು.

"ಹೇಳಬೇಡ" ಎಂದೆ. "ದಯವಿಟ್ಟು ಅದೊಂದು ಹೇಳಬೇಡ."

ಆ ದಿನ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಏನೂ ಸಿಗದೆ ಹೋಗಿದ್ದರೆ ಬಿಟ್ಟುಬಿಡಬಹುದಿತ್ತು. ಬಾಗಿಲು ಬೆರಳಷ್ಟು ತೆರೆದು ಅಲ್ಲಿಗೇ ನಿಂತಿತ್ತು. ಆ ಕಚೇರಿಗಳ ಮೇಲೆ, ಗ್ರಾನೈಟಿನ ಮೇಲೆ, ಟ್ರ್ಯಾಕ್ಟರಿನ ಮೇಲೆ, ಸೂರ್ಯನ ಮೇಲೆ, ಎಲ್ಲರ ಮೇಲೂ ಒಟ್ಟಿಗೇ ಕೋಪ ಬಂತು.

ಅತ್ತೆ ಕಾಯುತ್ತಿದ್ದರು. "ಹೆಣ್ಣಾ ಗಂಡಾ?"

"ಹೇಳಕ್ಕಾಗಲ್ಲ ಅತ್ತೆ. ಸಾಕಾಗ್ಲಿಲ್ಲ."

"ಯಾವ ಬಳ್ಳಿ?"

"ಅದೂ ಸರಿಯಾಗಿ ಗೊತ್ತಾಗ್ಲಿಲ್ಲ."

"ಮತ್ತೆ ಏನ್ ಗೊತ್ತಾಯ್ತು?"

"ಕರಡಿ ಅಂತ."

ಹಾಗೆ ಹೇಳುವಾಗ ನನಗೇ ಅವಮಾನವಾಯಿತು. ಅತ್ತೆಗೆ ಸಿಟ್ಟು ಬಂತು, ನನ್ನ ಮೇಲಲ್ಲ. "ಅಷ್ಟ್ ಕಷ್ಟ ಬಿದ್ದೀಯ. ಇನ್ನೊಂದು ಚೂರು ಉಳಿದಿದ್ರೆ ಏನಾಗ್ತಿತ್ತು ಅದಕ್ಕೆ!" ಎಂದರು. ಆಮೇಲೆ ಕಾಫಿ ಬೆರೆಸಿ ತಂದು ಮುಂದಿಟ್ಟರು.

ಮಾತು ಕೊಟ್ಟಂತೆ ನಾನೇ ರೈಲಿನಲ್ಲಿ ಹೋಗಿ ತಂದ, ಉಳಿದ ಬುರುಡೆಯ ಚೂರನ್ನೂ ಪಕ್ಕೆಲುಬುಗಳನ್ನೂ ತೆಗೆದುಕೊಂಡು ಗುಡ್ಡಕ್ಕೆ ಹೋದೆವು. ಗವಿಯ ಒಳಗೆ ಮಣ್ಣೇ ಇರಲಿಲ್ಲ. ಒಂದು ಕಲ್ಲು ಎಬ್ಬಿಸಿಕೊಡಿ ಎಂದು ಅತ್ತೆ ಮ್ಯಾನೇಜರ ಹತ್ತಿರ ವಾದ ಮಾಡಿ ಸೋತರು. ಕೊನೆಗೆ ಹೆಬ್ಬಂಡೆಯ ಹಿಂದೆ, ಕುಣಿಗಲ್ ಕಡೆಯ ಇಳಿಜಾರಿನಲ್ಲಿ, ಕಾರೆ ಗಿಡಗಳ ನಡುವೆ ಗುಂಡಿ ತೆಗೆದು ಇಟ್ಟೆವು. ಅತ್ತೆ ವಿಭೂತಿ ಹಾಕಿ, ಮಣ್ಣು ಮುಚ್ಚಿ, ಕಲ್ಲು ಹೇರಿದರು. ಅಲ್ಲೇ ನಾಲ್ಕು ಹೆಜ್ಜೆ ಆಚೆ ಕರಡಿಯ ಹಿಕ್ಕೆ ಬಿದ್ದಿತ್ತು. ಹಳೆಯದಲ್ಲ. ಕಾರೆ ಹಣ್ಣಿನ ಬೀಜ, ಗೆದ್ದಲಿನ ಸಿಪ್ಪೆ ಎಲ್ಲ ಬೆರೆತು ಇನ್ನೂ ಹಸಿಯಾಗಿತ್ತು.

ಗೆಳತಿ ಹೋಲಿಸಿ ನೋಡಿದ ಈಗಿನ ಕರಡಿಗಳೆಲ್ಲ ಬೇರೆ ಕಡೆಯವು. ಈ ಗುಡ್ಡದ ಕರಡಿಯ ಡಿಎನ್‌ಎಯನ್ನು ಯಾರೂ ಓದಿರಲಿಲ್ಲ. ಇಲ್ಲಿ ಬದುಕಿರುವ ಕರಡಿಯಲ್ಲಿ ಆ ಅಕ್ಷರ ಇದ್ದರೆ, ಹಳೆಯ ಮೂಳೆಯಲ್ಲಿ ಕಂಡದ್ದು ಸವಕಳಿಯಲ್ಲ, ನಿಜವಾದ ಗುರುತು. ಹಿಕ್ಕೆಯಿಂದಲೂ ಡಿಎನ್‌ಎ ತೆಗೆಯಬಹುದು. ಅದಕ್ಕೂ ಅನುಮತಿ ಬೇಕು. ನಾನು ಆ ದಿನ ಅದನ್ನು ಮುಟ್ಟದೆ ಇಳಿದು ಬಂದೆ. ಸೋಮವಾರ ಅರ್ಜಿ ಬರೆದೆ. ಅನುಮತಿ ಬರುವ ಹೊತ್ತಿಗೆ ಆ ಹಿಕ್ಕೆ ಮಳೆಗೆ ಕೊಚ್ಚಿ ಹೋಗಿತ್ತು. ಹೊಸದಕ್ಕಾಗಿ ಮತ್ತೆ ಮತ್ತೆ ಹತ್ತಿದೆ. ಅರಣ್ಯ ಇಲಾಖೆಯಿಂದ ಕಾವಲಿಗೆ ಬಂದವರು ತಮಟೆ ಬಡಿಯುತ್ತಾ ಮುಂದೆ, ನಾನು ಡಬ್ಬಿ ಹಿಡಿದು ಹಿಂದೆ. ಮೊದಲು ಕಳಿಸಿದವು ಕೆಟ್ಟು ಹೋದವು. ಒಂದು ಮಾತ್ರ ಓದಲು ಬಂತು.

ಅದರಲ್ಲಿ ಆ ಅಕ್ಷರ ಇರಲಿಲ್ಲ. ಎಲ್ಲ ಕಡೆಯ ಕರಡಿಗಳಂತೆಯೇ ಇತ್ತು.

ಅತ್ತೆಗೆ ಹೇಳಿದೆ. "ಅಂದ್ರೆ ಇದು ಅದರ ವಂಶ ಅಲ್ವಾ?" ಎಂದರು.

"ಅದರ ಬಳ್ಳಿ ಅಳಿದು ಹೋಗಿ ಇದು ಆಮೇಲೆ ಬಂದಿರಬಹುದು. ಇಲ್ಲಾ, ಆ ಅಕ್ಷರವೇ ಸುಳ್ಳಿರಬಹುದು, ಇದು ಅದರ ಮೊಮ್ಮಗಳೇ ಇರಬಹುದು. ಒಂದು ಹಿಕ್ಕೆ ನೋಡಿ ಹೇಳಕ್ಕಾಗಲ್ಲ."

"ಇನ್ನೆಷ್ಟ್ ಬೇಕು?"

"ಸಿಕ್ಕಷ್ಟೂ ಬೇಕು."

ಈ ವರ್ಷ ಕಾರೆ ಹಣ್ಣು ಚೆನ್ನಾಗಿ ಬಿಟ್ಟಿದೆ, ತಿನ್ನಲು ಕರಡಿಗಳು ಬರುತ್ತಿವೆ ಎಂದು ಅತ್ತೆಯ ತವರಿನಿಂದ ಫೋನು ಬಂದಿದೆ. ಮಂಡಿ ನೋವು ಎಂದು ನಾನು ಈ ಭಾನುವಾರ ಹೋಗುವುದು ಬೇಡವೆಂದುಕೊಂಡಿದ್ದೆ. ಹೋಗದಿದ್ದರೆ ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡುಕುತ್ತೇನೆ ಎಂಬುದು ಗಂಡನಿಗೆ ಗೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವರು ಬಸ್ಸಿನ ಟೈಮು ನೋಡುತ್ತಿದ್ದರು, ಅತ್ತೆ ಚಪಾತಿ ಕಟ್ಟುತ್ತಿದ್ದರು.